ಕೋಳಿಗೂಡೇ ಸ್ಟುಡಿಯೋ ಆದ ಮನೆ

ಇಂಗ್ಲೆಂಡಿನ ದಕ್ಷಿಣ ತೀರದ ಎದುರಿಗೆ, ಒಂದು ಕಿರಿದಾದ ಕಡಲಪಟ್ಟಿಯ ಆಚೆ, ಐಲ್ ಆಫ್ ವೈಟ್ ಎಂಬ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 380 ಚದರ ಕಿಲೋಮೀಟರ್. ನಮ್ಮ ಎಷ್ಟೋ ತಾಲ್ಲೂಕುಗಳು ಇದಕ್ಕಿಂತ ದೊಡ್ಡವು. ದ್ವೀಪದ ಪಶ್ಚಿಮ ತುದಿಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುವ ಕಡಲ ಬಂಡೆಗಳ ಸಾಲು. ಆ ಸಾಲಿನ ಮಗ್ಗುಲಲ್ಲೇ ಫ್ರೆಶ್‌ವಾಟರ್ ಎಂಬ ಊರು. ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ಅಲ್ಲಿನ ಒಂದು ಮನೆಯ ಹೆಸರು ಮಾತ್ರ ಇಂಗ್ಲೆಂಡಿನದಲ್ಲ. ಅದು ‘ಡಿಂಬೋಲಾ’.

ಹೆಸರು ಬಂದದ್ದು ಸಿಂಹಳದ ಒಂದು ಕಾಫಿ ತೋಟದಿಂದ. ಮನೆಯ ಒಡತಿ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಆಕೆ ಮೊದಲ ಬಾರಿಗೆ ಕ್ಯಾಮೆರಾ ಮುಟ್ಟಿದ್ದು ತನ್ನ 48ನೆಯ ವಯಸ್ಸಿನಲ್ಲಿ. ಅಲ್ಲಿಂದ ಹನ್ನೆರಡೇ ವರ್ಷಗಳಲ್ಲಿ ಛಾಯಾಚಿತ್ರ ಎಂಬುದು ಕೇವಲ ಮುಖದ ನಕಲಲ್ಲ, ಅದೂ ಒಂದು ಕಲೆ ಎಂದು ತೋರಿಸಿಕೊಟ್ಟ ಆ ಮಹಿಳೆಯೇ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಹೆಸರಿನಲ್ಲಿ ‘ಕ್ಯಾಮೆರಾ’ ಇರುವುದು ಬರೀ ಕಾಕತಾಳೀಯ. ಅದು ಗಂಡನ ಮನೆತನದ ಹೆಸರು.

ಕಲ್ಕತ್ತೆಯ ಹುಡುಗಿ

ಜೂಲಿಯಾ ಹುಟ್ಟಿದ್ದು 1815ರ ಜೂನ್ 11ರಂದು. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ. ತಾಯಿ ಫ್ರೆಂಚ್ ಮನೆತನದವರು. ಆ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳು ಏಳು ಮಂದಿ. ಮುಂದೆ ಲಂಡನ್ನಿನಲ್ಲಿ ನೆಲೆಸಿದ ಮೇಲೂ ಅಕ್ಕತಂಗಿಯರು ಭಾರತದ ಶಾಲುಗಳನ್ನು ಹೊದೆದು, ತಮ್ಮತಮ್ಮಲ್ಲಿ ಹಿಂದೂಸ್ತಾನಿಯಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ. ಸುತ್ತಲಿನವರಿಗೆ ಅದೊಂದು ಬೆರಗು.

ಅಕ್ಕತಂಗಿಯರಲ್ಲಿ ಹಲವರು ರೂಪಕ್ಕೆ ಹೆಸರಾದವರು. ಜೂಲಿಯಾ ಹಾಗಲ್ಲ. ಆಕೆಯ ಹೆಸರು ಕೇಳಿಬರುತ್ತಿದ್ದುದು ಹುರುಪಿಗೆ, ಮಾತಿಗೆ, ಹಿಡಿದ ಹಟ ಬಿಡದ ಸ್ವಭಾವಕ್ಕೆ. ಓದಿದ್ದು ಬಹುಮಟ್ಟಿಗೆ ಫ್ರಾನ್ಸಿನಲ್ಲಿ, ಅಜ್ಜಿಯ ಮನೆಯಲ್ಲಿ. ಭಾರತಕ್ಕೆ ಮರಳಿದ ನಂತರ ಆರೋಗ್ಯ ಕೆಟ್ಟು, ಹವೆ ಬದಲಾವಣೆಗಾಗಿ ಆಫ್ರಿಕದ ಗುಡ್‌ಹೋಪ್ ಭೂಶಿರಕ್ಕೆ ಹೋದಾಗ ಇಬ್ಬರ ಪರಿಚಯವಾಯಿತು. ಒಬ್ಬರು ಖ್ಯಾತ ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್. ಇನ್ನೊಬ್ಬರು ಆಕೆಗಿಂತ ಇಪ್ಪತ್ತು ವರ್ಷ ಹಿರಿಯರಾದ ಕಾನೂನು ಪಂಡಿತ ಚಾರ್ಲ್ಸ್ ಹೇ ಕ್ಯಾಮೆರಾನ್. 1838ರಲ್ಲಿ ಕಲ್ಕತ್ತೆಯಲ್ಲಿ ಚಾರ್ಲ್ಸ್ ಮತ್ತು ಜೂಲಿಯಾ ಮದುವೆಯಾದರು.

ಈ ಚಾರ್ಲ್ಸ್ ಕ್ಯಾಮೆರಾನ್ ನಮಗೂ ತೀರ ಅಪರಿಚಿತರಲ್ಲ. ಭಾರತದ ಮೊದಲ ಕಾನೂನು ಆಯೋಗದಲ್ಲಿ ಮೆಕಾಲೆಯ ಜತೆ ಕೆಲಸ ಮಾಡಿದವರು ಅವರು. ಆ ಆಯೋಗ ಸಿದ್ಧಪಡಿಸಿದ ಕರಡೇ ಮುಂದೆ ತಿದ್ದುಪಡಿಗೊಂಡು 1860ರಲ್ಲಿ ಭಾರತೀಯ ದಂಡಸಂಹಿತೆಯಾಯಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬರುವವರೆಗೂ ನಮ್ಮ ಕೋರ್ಟುಗಳಲ್ಲಿ ನಡೆದದ್ದು ಅದೇ. ಮೋಸಗಾರನನ್ನು ನಮ್ಮ ಜನ ‘ಫೋರ್‌ಟ್ವೆಂಟಿ’ ಎಂದು ಕರೆಯುವುದೂ ಅದೇ ಸಂಹಿತೆಯ 420ನೇ ಕಲಮಿನ ಕೊಡುಗೆ!

1848ರಲ್ಲಿ ಚಾರ್ಲ್ಸ್ ನಿವೃತ್ತರಾಗಿ ಸಂಸಾರ ಇಂಗ್ಲೆಂಡಿಗೆ ಬಂತು. 1860ರಲ್ಲಿ ಗೆಳೆಯ, ಆಸ್ಥಾನ ಕವಿ ಆಲ್‌ಫ್ರೆಡ್ ಟೆನಿಸನ್ ಅವರನ್ನು ನೋಡಲು ಫ್ರೆಶ್‌ವಾಟರಿಗೆ ಹೋದ ಜೂಲಿಯಾಗೆ ಆ ಊರು ಎಷ್ಟು ಹಿಡಿಸಿತೆಂದರೆ, ಕವಿಯ ಮನೆಗೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಅಕ್ಕಪಕ್ಕದ ಎರಡು ಮನೆಗಳನ್ನು ಕೊಂಡೇಬಿಟ್ಟರು. ಎರಡರ ನಡುವೆ ಕೋಟೆಯ ಬುರುಜಿನಂತಹ ಗೋಪುರ ಕಟ್ಟಿಸಿ ಒಂದೇ ಮನೆ ಮಾಡಿದರು. ಅದೇ ಡಿಂಬೋಲಾ.

ಮಗಳು ಕೊಟ್ಟ ಉಡುಗೊರೆ

ಜೂಲಿಯಾಗೆ ಒಬ್ಬ ಮಗಳು, ಐವರು ಗಂಡುಮಕ್ಕಳು. ಇವರ ಜತೆಗೆ ತಬ್ಬಲಿಗಳಾದ ಬಂಧುಗಳ ಮಕ್ಕಳನ್ನೂ ಸಾಕಿದರು. ಮಕ್ಕಳು ದೊಡ್ಡವರಾದರು, ಮಗಳ ಮದುವೆಯಾಯಿತು, ಗಂಡ ತೋಟದ ಮೇಲ್ವಿಚಾರಣೆಗೆಂದು ಸಿಂಹಳಕ್ಕೆ ಹೋದರು. ಮನೆ ಬಿಕೋ ಎನ್ನತೊಡಗಿತು. ಒಂಟಿಯಾದ ಅಮ್ಮನಿಗೆ ಹೊತ್ತು ಹೋಗಲೆಂದು 1863ರ ಡಿಸೆಂಬರಿನಲ್ಲಿ ಮಗಳು ಮತ್ತು ಅಳಿಯ ಸೇರಿ ಒಂದು ಕ್ಯಾಮೆರಾ ಕೊಟ್ಟರು.

ಉಡುಗೊರೆ ಕೊಟ್ಟವರು ಎಣಿಸಿದ್ದು ಒಂದು ಕಾಲಕ್ಷೇಪ. ಆಗಿದ್ದೇ ಬೇರೆ. ಇದ್ದಲು ತುಂಬಿಡುವ ಕೋಣೆ ಖಾಲಿಯಾಗಿ ಡಾರ್ಕ್‌ರೂಮ್ ಆಯಿತು. ಗಾಜು ಹಾಕಿಸಿದ್ದ ಕೋಳಿಗೂಡು ಸ್ಟುಡಿಯೋ ಆಯಿತು. ಕೋಳಿಗಳಿಗೆ ಬಿಡುಗಡೆ ಸಿಕ್ಕಿತು, ಮೊಟ್ಟೆಯ ಲಾಭ ನಿಂತುಹೋಯಿತು ಎಂದು ಜೂಲಿಯಾ ನಂತರ ತಮಾಷೆಯಾಗಿ ಬರೆದುಕೊಂಡಿದ್ದಾರೆ.

ಹೇಳಿಕೊಡಲು ಗುರುಗಳಿರಲಿಲ್ಲ. ಊರಿನ ರೈತನೊಬ್ಬನಿಗೆ ಗಂಟೆಗೆ ಅರ್ಧ ಕ್ರೌನ್ ಕೂಲಿ ಕೊಟ್ಟು ಕೂರಿಸಿ ಚಿತ್ರ ತೆಗೆದರು. ಸಂಭ್ರಮದಲ್ಲಿ ಒದ್ದೆ ಗಾಜಿನ ಮೇಲೆ ಕೈ ಸವರಿಬಿಟ್ಟರು. ಚಿತ್ರ ಅಳಿಸಿಹೋಯಿತು. ಮತ್ತೆ ಪ್ರಯತ್ನ, ಮತ್ತೆ ಹಾಳು. ಕೊನೆಗೆ 1864ರ ಜನವರಿ 29ರಂದು ಆ್ಯನಿ ಫಿಲ್ಪಾಟ್ ಎಂಬ ಪುಟ್ಟ ಹುಡುಗಿಯ ಚಿತ್ರ ಸರಿಯಾಗಿ ಬಂತು. ಜೂಲಿಯಾ ಮನೆಯೆಲ್ಲ ಹುಡುಕಾಡಿ ಆ ಮಗುವಿಗೆ ಉಡುಗೊರೆಗಳನ್ನು ಕೊಟ್ಟರು. ಚಿತ್ರ ಮಾಡಿದ್ದು ತಾನಲ್ಲ, ಆ ಮಗುವೇ ಎಂಬಂತೆ! ಅದೇ ದಿನ ಗಾಜು ತೊಳೆದು, ಮುದ್ರಿಸಿ, ಚೌಕಟ್ಟು ಹಾಕಿ ಹುಡುಗಿಯ ತಂದೆಗೂ ತಲುಪಿಸಿದರು. ಆ ಚಿತ್ರದ ಕೆಳಗೆ ಅವರೇ ಬರೆದ ಒಕ್ಕಣೆಯ ಅರ್ಥ ‘ನನ್ನ ಮೊದಲ ಯಶಸ್ಸು’ ಎಂದು.

ಒದ್ದೆ ಗಾಜಿನ ಕಾಲ

ಇವತ್ತು ಜೇಬಿನಿಂದ ಮೊಬೈಲ್ ತೆಗೆದು ಒತ್ತಿದರೆ ಮುಗಿಯಿತು. ಆ ಕಾಲದ ಛಾಯಾಗ್ರಹಣ ಎಂದರೆ ಅರ್ಧ ಅಡುಗೆಮನೆ, ಅರ್ಧ ರಸಾಯನಶಾಸ್ತ್ರದ ಪ್ರಯೋಗಾಲಯ. ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು.

ಮೊದಲು ಒಂದು ಗಾಜಿನ ಹಲಗೆ. ಜೂಲಿಯಾ ಬಳಸಿದ ಹಲಗೆಗಳು ಆರಂಭದಲ್ಲಿ 11 ಅಂಗುಲಕ್ಕೆ 9 ಅಂಗುಲ, 1866ರಿಂದ 15ಕ್ಕೆ 12 ಅಂಗುಲ. ಅದನ್ನು ಕಲೆಯಿಲ್ಲದಂತೆ ಒರೆಸಿ, ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಡಬೇಕು. ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಹತ್ತಿಯನ್ನು ಈಥರ್ ಮತ್ತು ಆಲ್ಕೊಹಾಲಿನಲ್ಲಿ ಕರಗಿಸಿ, ಅಯೊಡೈಡ್ ಲವಣ ಬೆರೆಸಿದರೆ ಅದು ಸಿದ್ಧ. ಆಮೇಲೆ ಕತ್ತಲೆ ಕೋಣೆಯಲ್ಲಿ ಆ ಹಲಗೆಯನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಆಗ ಅದರ ಮೇಲೆ ಬೆಳಕಿಗೆ ಸ್ಪಂದಿಸುವ ಸಿಲ್ವರ್ ಅಯೊಡೈಡಿನ ತೆಳುಪದರ ಮೂಡುತ್ತದೆ.

ಪದರ ಆರುವುದರೊಳಗೆ ಎಲ್ಲ ಮುಗಿಯಬೇಕು. ಹಲಗೆಯನ್ನು ಕ್ಯಾಮೆರಾಕ್ಕೆ ಸೇರಿಸಿ, ಮಸೂರದ ಮುಚ್ಚಳ ತೆಗೆದು, ಕುಳಿತವರು ಅಲುಗಾಡದಂತೆ ನೋಡಿಕೊಂಡು, ಮುಚ್ಚಳ ಹಾಕಿ, ಕತ್ತಲೆ ಕೋಣೆಗೆ ಓಡಬೇಕು. ಅಲ್ಲಿ ಡೆವಲಪರ್ ಸುರಿದು ಚಿತ್ರ ಮೂಡಿಸಬೇಕು, ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯಬೇಕು, ಬಾವಿಯ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಆರಿದ ಮೇಲೆ ವಾರ್ನಿಷ್. ಇಷ್ಟಾದರೆ ಸಿಕ್ಕುವುದು ನೆಗೆಟಿವ್. ಮೊಟ್ಟೆಯ ಬಿಳಿಲೋಳೆ ಸವರಿ ಸಿದ್ಧಪಡಿಸಿದ ಕಾಗದದ ಮೇಲೆ ಅದನ್ನಿಟ್ಟು ಬಿಸಿಲಿಗೆ ಒಡ್ಡಿದರೆ ಆಗ ಚಿತ್ರ. ಇಂಗ್ಲೆಂಡಿನಲ್ಲಿ ಬಿಸಿಲಿಗೂ ಬರ!

ಸಿಲ್ವರ್ ನೈಟ್ರೇಟ್ ತಾಗಿದ ಕೈ, ಬಟ್ಟೆ ಎಲ್ಲ ಕಪ್ಪು. ಜೂಲಿಯಾರ ಮನೆಯ ಮೇಜುಬಟ್ಟೆಗಳೂ ಕಲೆಯಾಗಿದ್ದವು. ಕಲೆ ತೆಗೆಯಲು ಅವರು ಬಳಸುತ್ತಿದ್ದುದು ಪೊಟ್ಯಾಸಿಯಂ ಸಯನೈಡ್. ಇದು ಅಪ್ಪಟ ವಿಷ ಎಂದು ಹರ್ಷೆಲ್ ಕಳವಳದಿಂದ ಪತ್ರ ಬರೆದು ಎಚ್ಚರಿಸಬೇಕಾಯಿತು. ಛಾಯಾಚಿತ್ರವನ್ನು ಸ್ಥಿರಗೊಳಿಸುವ ‘ಹೈಪೊ’ದ ಗುಣವನ್ನು 1819ರಲ್ಲೇ ಕಂಡವರು ಇದೇ ಹರ್ಷೆಲ್. ‘ನೆಗೆಟಿವ್’, ‘ಪಾಸಿಟಿವ್’ ಎಂಬ ಪದಗಳನ್ನು ಛಾಯಾಗ್ರಹಣಕ್ಕೆ ತಂದವರೂ ಅವರೇ. ಆದ್ದರಿಂದ ಅವರ ಮಾತಿಗೆ ತೂಕವಿತ್ತು.

ತಪ್ಪೋ, ಕಲೆಯೋ?

ಜೂಲಿಯಾರ ಎದುರು ಕೂರುವುದು ಸುಲಭದ ಮಾತಲ್ಲ. ಮೂರರಿಂದ ಏಳು ನಿಮಿಷ ಕಣ್ಣು ಮಿಟುಕಿಸದೆ, ಕುತ್ತಿಗೆ ಅಲುಗಿಸದೆ ಇರಬೇಕು. ದಾರಿಹೋಕರನ್ನೂ ಬಿಡದೆ ಕರೆತಂದು ಕೂರಿಸುತ್ತಿದ್ದರಂತೆ. ಊರಿನ ಮಕ್ಕಳ ಬೆನ್ನಿಗೆ ಹಂಸದ ರೆಕ್ಕೆ ಕಟ್ಟಿ ದೇವದೂತರನ್ನಾಗಿ ಮಾಡುತ್ತಿದ್ದರು. ಅವರನ್ನು ದೂರದಿಂದ ಕಂಡರೆ ಓಡುತ್ತಿದ್ದ ಮಕ್ಕಳೂ ಇದ್ದರಂತೆ.

ಆದರೆ ಕೂತವರ ಪಟ್ಟಿ ನೋಡಿ: ಟೆನಿಸನ್, ಕಾರ್ಲೈಲ್, ಚಾರ್ಲ್ಸ್ ಡಾರ್ವಿನ್, ಹರ್ಷೆಲ್, ಅಮೆರಿಕದ ಕವಿ ಲಾಂಗ್‌ಫೆಲೊ, ನಟಿ ಎಲೆನ್ ಟೆರಿ. 1868ರ ಬೇಸಿಗೆಯಲ್ಲಿ ಡಾರ್ವಿನ್ ಸಂಸಾರ ಸಮೇತ ಬಂದು ಜೂಲಿಯಾರ ಒಂದು ಮನೆಯಲ್ಲೇ ಬಾಡಿಗೆಗಿದ್ದರು. ತನ್ನ ಎಲ್ಲ ಚಿತ್ರಗಳಲ್ಲಿ ಇದೇ ತನಗೆ ಹೆಚ್ಚು ಇಷ್ಟ ಎಂದು ಡಾರ್ವಿನ್ ಬರೆದುಕೊಟ್ಟರು. ಇಂದು ನಮ್ಮ ಮನಸ್ಸಿನಲ್ಲಿರುವ ಗಡ್ಡಧಾರಿ ಮುನಿಯಂತಹ ಡಾರ್ವಿನ್ ರೂಪಕ್ಕೆ ಆ ಚಿತ್ರದ ಋಣವಿದೆ. ಹರ್ಷೆಲ್ ಚಿತ್ರವಂತೂ ಇನ್ನೂ ಹೆಚ್ಚು. ಕತ್ತಲೆಯೊಳಗಿನಿಂದ ಬೆಳ್ಳಿಕೂದಲಿನ ಒಂದು ಮುಖ ಮಾತ್ರ, ಗ್ರಹವೊಂದು ಉದಯಿಸಿದಂತೆ, ಎದ್ದು ಬರುತ್ತದೆ.

ಅಂದಿನ ವೃತ್ತಿಪರರು ಇದನ್ನು ಒಪ್ಪಲಿಲ್ಲ. ಆಗ ಒಳ್ಳೆಯ ಫೋಟೋ ಎಂದರೆ ಕೋಟಿನ ಗುಂಡಿಯಿಂದ ಹಿಡಿದು ಹಿಂದಿನ ಪರದೆಯ ನೆರಿಗೆಯವರೆಗೆ ಎಲ್ಲ ಕಡ್ಡಿಕೊರೆದಂತೆ ಸ್ಪಷ್ಟವಿರಬೇಕು. ಜೂಲಿಯಾರ ಚಿತ್ರಗಳು ಮಸುಕು. ಗಾಜಿನ ಮೇಲೆ ಗೀರು, ಬೆರಳಚ್ಚು, ದ್ರಾವಣ ಹರಿದ ಗುರುತು. ಛಾಯಾಗ್ರಹಣದ ಪತ್ರಿಕೆಗಳು ಇದನ್ನು ಅಜಾಗರೂಕತೆ ಎಂದು ಕಟುವಾಗಿ ಟೀಕಿಸಿದವು.

ಮಸುಕಿಗೆ ಕಾರಣ ತಾಂತ್ರಿಕವೂ ಹೌದು. ದೊಡ್ಡ ಮಸೂರವನ್ನು ಪೂರ್ತಿ ತೆರೆದು, ತೀರ ಹತ್ತಿರದಿಂದ ಚಿತ್ರ ತೆಗೆದರೆ ಕಣ್ಣು ಸ್ಪಷ್ಟವಿದ್ದಾಗ ಕಿವಿ ಮಸುಕಾಗುತ್ತದೆ. ನಿಮಿಷಗಟ್ಟಲೆ ಕೂತವರು ತುಸುವಾದರೂ ಅಲುಗದಿರಲಾರರು. ಆದರೆ ಅದಷ್ಟೇ ಅಲ್ಲ. ಮಸೂರ ತಿರುಗಿಸುತ್ತಾ ಕಣ್ಣಿಗೆ ಸುಂದರವೆನಿಸಿದ ಕಡೆ ತಾನು ನಿಲ್ಲಿಸುತ್ತಿದ್ದೆ, ಇನ್ನೂ ಮುಂದೆ ತಿರುಗಿಸಿ ಸ್ಪಷ್ಟ ಮಾಡುವ ಗೋಜಿಗೆ ಹೋಗುತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಇಂದಿನ ಮೊಬೈಲುಗಳ ‘ಪೋರ್ಟ್ರೇಟ್’ ಸೌಲಭ್ಯವು ಹಿನ್ನೆಲೆಯನ್ನು ಬೇಕೆಂದೇ ಮಸುಕು ಮಾಡುತ್ತದೆ. ಅಂದು ತಪ್ಪೆಂದು ಬೈಸಿಕೊಂಡದ್ದರ ಒಂದಂಶ ಇಂದು ಯಂತ್ರದಲ್ಲೇ ಅಡಕವಾಗಿ ಬರುತ್ತಿದೆ!

ಬೈದವರಿದ್ದಂತೆ ಬೆಲೆ ಕಂಡವರೂ ಇದ್ದರು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ 1865ರಲ್ಲೇ ಅವರ ಚಿತ್ರಗಳನ್ನು ಕೊಂಡು ಪ್ರದರ್ಶಿಸಿತು. 1868ರಲ್ಲಿ ಚಿತ್ರ ತೆಗೆಯಲು ಎರಡು ಕೋಣೆಗಳನ್ನೂ ಬಿಟ್ಟುಕೊಟ್ಟಿತು. ಅದೇ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. 1866ರಲ್ಲಿ ಬರ್ಲಿನ್ನಿನಿಂದ ಚಿನ್ನದ ಪದಕ ಬಂತು. ಐನೂರಕ್ಕೂ ಹೆಚ್ಚು ಚಿತ್ರಗಳಿಗೆ ಜೂಲಿಯಾ ಕಾನೂನುಬದ್ಧವಾಗಿ ಹಕ್ಕುಸ್ವಾಮ್ಯ ನೋಂದಾಯಿಸಿದರು. ಕಾನೂನು ಪಂಡಿತರ ಹೆಂಡತಿಯಲ್ಲವೇ! ಹಣ ಮಾತ್ರ ನೆನೆಸಿದಷ್ಟು ಕೈಗೂಡಲಿಲ್ಲ.

ಹೆಸರಿದ್ದವರು, ಹೆಸರಿಲ್ಲದವರು

ಡಿಂಬೋಲಾದ ಗೋಡೆಗಳ ಮೇಲೆ ಮಹಾಪುರುಷರಷ್ಟೇ ಇಲ್ಲ. ಅಲ್ಲಿ ಮತ್ತೆ ಮತ್ತೆ ಕಾಣುವ ಮುಖ ಮನೆಗೆಲಸದ ಮೇರಿ ಹಿಲಿಯರ್‌ಳದು. ಕಸಬರಿಕೆ ಬದಿಗಿಟ್ಟು ಬಂದು ಯೇಸುವಿನ ತಾಯಿ ಮೇರಿಯಾಗಿ ನಿಲ್ಲುತ್ತಿದ್ದಳು. ಮರುಗಳಿಗೆ ಮತ್ತೆ ಕೆಲಸ.

ಇನ್ನೊಬ್ಬಳು ಮೇರಿ ರಯಾನ್. ಭಿಕ್ಷೆ ಬೇಡುತ್ತಿದ್ದ ತಾಯಿಯ ಜತೆ ಲಂಡನ್ನಿನ ಬಳಿ ಕಂಡ ಈ ಐರಿಷ್ ಹುಡುಗಿಯನ್ನು ಜೂಲಿಯಾ ಮನೆಗೆ ಕರೆತಂದು ಸಾಕಿದರು, ಓದಿಸಿದರು. ಪ್ರದರ್ಶನವೊಂದರಲ್ಲಿ ಅವಳ ಚಿತ್ರ ನೋಡಿದ ಹೆನ್ರಿ ಕಾಟನ್ ಎಂಬ ಯುವಕ ಚಿತ್ರವನ್ನೂ ಕೊಂಡ, ಮನಸ್ಸನ್ನೂ ಕೊಟ್ಟ. 1867ರಲ್ಲಿ ಮದುವೆಯಾಯಿತು. ಕುಂಭಕೋಣದಲ್ಲಿ ಹುಟ್ಟಿದ ಆ ಯುವಕ ಭಾರತದ ಸಿವಿಲ್ ಸರ್ವಿಸಿಗೆ ಸೇರಿ ಅಸ್ಸಾಮಿನ ಮುಖ್ಯ ಕಮಿಷನರಾದರು. ಭಾರತೀಯರ ಪರ ಮಾತಾಡಿದ್ದಕ್ಕಾಗಿ ಹೆಸರಾಗಿ, 1904ರಲ್ಲಿ ಮುಂಬಯಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಸರ್ ಹೆನ್ರಿ ಕಾಟನ್ ಇವರೇ.

ಎಲ್ಲ ಮುಖಗಳ ಕತೆ ಹೀಗೆ ಸುಖಾಂತವಲ್ಲ. ಕಾಫಿ ಗಿಡಕ್ಕೆ ತಗಲುವ ಎಲೆತುಕ್ಕು ರೋಗ ನಮ್ಮ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಆ ರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ನೆಲಕಚ್ಚಿಸಿತು. ಕ್ಯಾಮೆರಾನ್ ಕುಟುಂಬದ ವರಮಾನ ನಿಂತಿದ್ದು ಆ ತೋಟಗಳ ಮೇಲೆ. ನಡುವೆ ಇನ್ನೊಂದು ಪೆಟ್ಟು ಬಿತ್ತು: ಕ್ಯಾಮೆರಾ ಕೊಟ್ಟ ಮಗಳು 1873ರಲ್ಲಿ ಹೆರಿಗೆಯ ಸಂದರ್ಭದಲ್ಲಿ ತೀರಿಕೊಂಡಳು. 1875ರಲ್ಲಿ ವೃದ್ಧ ದಂಪತಿ ಗಂಟುಮೂಟೆ ಕಟ್ಟಿ ಸಿಂಹಳಕ್ಕೆ ಹೊರಟರು. ಹಡಗಿನಲ್ಲಿ ಹಾಲಿಗೆ ಒಂದು ಹಸು, ಜತೆಗೆ ಮುಂದಾಲೋಚನೆಯಾಗಿ ಎರಡು ಶವಪೆಟ್ಟಿಗೆಗಳನ್ನೂ ಒಯ್ದರೆಂಬುದು ಪ್ರಸಿದ್ಧ ಕತೆ.

ಸಿಂಹಳದಲ್ಲಿ ಅವರು ತೆಗೆದ ಚಿತ್ರಗಳಲ್ಲಿ ಉಳಿದಿರುವುದು ಮೂವತ್ತಕ್ಕಿಂತಲೂ ಕಡಿಮೆ. ಅವುಗಳಲ್ಲಿ ಹಲವು ಅಲ್ಲಿನ ದುಡಿಯುವ ಜನರವು. ಇಂಗ್ಲೆಂಡಿನ ಚಿತ್ರಗಳಡಿ ಕವಿ, ವಿಜ್ಞಾನಿಗಳ ಹೆಸರಿದೆ. ಮನೆಗೆಲಸದವಳ ಹೆಸರೂ ಉಳಿದಿದೆ. ಈ ಚಿತ್ರಗಳಲ್ಲಿ ನಿಂತ ಬಹುತೇಕ ಜನರಿಗೆ ಹೆಸರಿಲ್ಲ. ಅವರ ಬೆವರಿನ ತೋಟದ ಹೆಸರು ಮಾತ್ರ ಸಾವಿರಾರು ಮೈಲಿ ದೂರದ ಮನೆಯ ಮೇಲಿದೆ. ಡಿಂಬೋಲಾಕ್ಕೆ ಹೋಗುವ ಭಾರತೀಯ ವಿದ್ಯಾರ್ಥಿ ಗಮನಿಸಲೇಬೇಕಾದ ಸಂಗತಿಯಿದು. ಕಲೆಯನ್ನು ಮೆಚ್ಚಲು ಇದನ್ನು ಮರೆಯಬೇಕಾಗಿಲ್ಲ. ಇದನ್ನು ನೆನೆಯಲು ಕಲೆಯನ್ನು ಹಳಿಯಬೇಕಾಗಿಯೂ ಇಲ್ಲ.

1879ರ ಜನವರಿ 26ರಂದು ಜೂಲಿಯಾ ಸಿಂಹಳದಲ್ಲೇ ತೀರಿಕೊಂಡರು. ಮರುವರ್ಷ ಚಾರ್ಲ್ಸ್. ಇಬ್ಬರ ಸಮಾಧಿಯೂ ಬೊಗವಂತಲಾವದ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿದೆ.

ಬುಲ್‌ಡೋಜರಿನಿಂದ ಪಾರಾದ ಮನೆ

ಒಡತಿ ಹೋದ ಮೇಲೆ ಡಿಂಬೋಲಾ ಮತ್ತೆ ಎರಡು ಮನೆಗಳಾಗಿ ಒಡೆಯಿತು. ಕೈಯಿಂದ ಕೈಗೆ ಹೋಯಿತು. 1990ರ ದಶಕದ ಆರಂಭದ ಹೊತ್ತಿಗೆ ಒಂದು ಭಾಗವನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವ ಮಾತು ನಡೆದಿತ್ತು. ಇತಿಹಾಸ ಬಲ್ಲ ಕೆಲವರು ಎಚ್ಚೆತ್ತು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಟ್ರಸ್ಟ್ ಕಟ್ಟಿ, ಹಣ ಕೂಡಿಸಿ ಅದನ್ನು ಕೊಂಡರು. ಆಮೇಲೆ ಇನ್ನೊಂದು ಭಾಗವೂ ಸೇರಿ ಮನೆ ಮತ್ತೆ ಒಂದಾಯಿತು, ಮ್ಯೂಸಿಯಂ ಆಯಿತು. ಇಂತಹ ಮನೆಗಳು ನಮ್ಮಲ್ಲೂ ಇವೆ. ಅವು ತಾವಾಗಿ ಉಳಿಯುವುದಿಲ್ಲ. ಯಾರಾದರೂ ಮುಂದೆ ಬಂದು ಉಳಿಸಬೇಕಾಗುತ್ತದೆ.

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ರೈಲು ಹಿಡಿದು ಬ್ರೋಕನ್‌ಹರ್ಸ್ಟ್‌ನಲ್ಲಿ ಇಳಿದು, ಅಲ್ಲಿಂದ ಸಣ್ಣ ರೈಲಿನಲ್ಲಿ ಲಿಮಿಂಗ್ಟನ್‌ಗೆ ಹೋಗಬೇಕು. ಅಲ್ಲಿಂದ ದೋಣಿಯಲ್ಲಿ ಯಾರ್ಮತ್, ಮುಂದೆ ಕೆಲವೇ ಕಿಲೋಮೀಟರ್ ರಸ್ತೆ. ಬ್ರೋಕನ್‌ಹರ್ಸ್ಟ್ ನಿಲ್ದಾಣಕ್ಕೂ ಒಂದು ಕತೆಯಿದೆ. ನಾಲ್ಕು ವರ್ಷ ಸಿಂಹಳದಲ್ಲಿದ್ದು ಮರಳಿದ ಮಗನನ್ನು ಜೂಲಿಯಾ ಮೊದಲು ಕಂಡದ್ದು ಅಲ್ಲಿ. ಆ ಸಂತೋಷಕ್ಕೆ 1871ರಲ್ಲಿ ತಾನು ತೆಗೆದ ಮಹನೀಯರ ಚಿತ್ರಗಳನ್ನು ನಿಲ್ದಾಣದ ಕೋಣೆಗೆ ಕಾಣಿಕೆಯಾಗಿ ಕೊಟ್ಟರು. ರೈಲಿಗೆ ಕಾಯುವವರಿಗೆ ಟೆನಿಸನ್, ಡಾರ್ವಿನ್ ದರ್ಶನ!

ಡಿಂಬೋಲಾದ ಮುಂದೆ ಇಳಿದವರಿಗೆ ಮೊದಲು ಎದುರಾಗುವುದು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ ಪ್ರತಿಮೆ. 1970ರಲ್ಲಿ ಹತ್ತಿರದ ಆಫ್ಟನ್ ಗುಡ್ಡದ ಬಳಿ ನಡೆದ ಸಂಗೀತೋತ್ಸವದಲ್ಲಿ ನುಡಿಸಿದ ಆತನ ನೆನಪಿಗೆ ಅದನ್ನು 2006ರಲ್ಲಿ ನಿಲ್ಲಿಸಲಾಯಿತು. ಅಲ್ಲೇ ಹತ್ತಿರ ಹುಲ್ಲುಛಾವಣಿಯ ಪುಟ್ಟ ಚರ್ಚ್ ಇದೆ. ಹಿಂದೆ ಟೆನಿಸನ್ ದಿನವೂ ನಡೆಯುತ್ತಿದ್ದ, ಈಗ ಅವರದೇ ಹೆಸರು ಹೊತ್ತ ಗುಡ್ಡ. ಹೋಗುವ ಮುನ್ನ ಮ್ಯೂಸಿಯಂ ತೆರೆದಿರುವ ದಿನಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಅಷ್ಟು ದೂರ ಹೋಗಲಾಗದವರು ಬೇಸರಪಡಬೇಕಿಲ್ಲ. ಜೂಲಿಯಾರ ಸುಮಾರು 1200 ಚಿತ್ರಗಳು ಗುರುತಾಗಿದ್ದು, ದೊಡ್ಡ ಮ್ಯೂಸಿಯಂಗಳು ತಮ್ಮಲ್ಲಿರುವ ಹಲವನ್ನು ಅಂತರಜಾಲದಲ್ಲಿ ಉಚಿತವಾಗಿ ನೋಡಲು ಇಟ್ಟಿವೆ.

ನೋಡುವ ಮಕ್ಕಳಿಗೆ ಒಂದು ಪ್ರಯೋಗ. ಮನೆಯ ಕಿಟಕಿಯ ಪಕ್ಕ ಅಜ್ಜಿಯನ್ನೋ ತಾತನನ್ನೋ ಕೂರಿಸಿ. ಲೈಟ್ ಆರಿಸಿ. ಒಂದೇ ಕಡೆಯಿಂದ ಬೆಳಕು ಬೀಳಲಿ. ಮೂರು ನಿಮಿಷ ಚಿತ್ರ ತೆಗೆಯದೆ ಸುಮ್ಮನೆ ಮುಖ ನೋಡಿ, ಆಮೇಲೆ ಒತ್ತಿ. ಜೂಲಿಯಾ ಏನು ಹುಡುಕುತ್ತಿದ್ದರು ಎಂಬುದು ಆಗ ತುಸುವಾದರೂ ತಿಳಿದೀತು. ತಂದೆತಾಯಿಗಳಿಗೂ ಒಂದು ಮಾತು. ವಯಸ್ಸಾಯಿತು, ಇನ್ನೇನು ಕಲಿಯುವುದು ಎನ್ನುವ ಅಮ್ಮ ಮನೆಯಲ್ಲಿದ್ದರೆ, ಮುಂದಿನ ಉಡುಗೊರೆ ಸೀರೆಯೇ ಆಗಬೇಕೆಂದೇನೂ ಇಲ್ಲ.